ಉಷ್ಣ ಮರುಭೂಮಿಯಲ್ಲಿ ಹಿಮದ ದಿನಾಂಕ ಮತ್ತು ತೋಟದ ಬಿತ್ತನೆ

ಹಿಮದ ದಿನಾಂಕಗಳು ಎಂದರೆ ಒಂದು ಪ್ರದೇಶದಲ್ಲಿ ಚಳಿಗಾಲದ ಕೊನೆಯ ಹಿಮ ಹಾಗೂ ಮುಂದಿನ ಚಳಿಗಾಲದ ಮೊದಲ ಹಿಮ ಕಾಣಿಸಿಕೊಳ್ಳುವ ಸರಾಸರಿ ದಿನಗಳು. ಇಲ್ಲಿ ಹಿಮ ಎಂಬ ಪದವು ಆಕಾಶದಿಂದ ಸುರಿಯುವ ಹಿಮವನ್ನು ಸೂಚಿಸುವುದಿಲ್ಲ. ರಾತ್ರಿಯ ಚಳಿಗೆ ಎಲೆ ಮತ್ತು ನೆಲದ ಮೇಲೆ ಗಾಳಿಯ ತೇವಾಂಶವು ಹರಳುಗಟ್ಟುವುದನ್ನು ಸೂಚಿಸುತ್ತದೆ. ಶೀತ ದೇಶಗಳಲ್ಲಿ ಈ ಎರಡು ದಿನಾಂಕಗಳ ನಡುವಿನ ಅವಧಿಯೇ ಬೆಳೆಯ ಕಾಲವಾಗಿರುತ್ತದೆ. ಉಷ್ಣ ಮರುಭೂಮಿಯಲ್ಲಿ ಹಾಗಲ್ಲ. ಅಲ್ಲಿ ಬೇಸಿಗೆಯ ತಾಪವೂ ಹಿಮದಷ್ಟೇ ಬೆಳೆಗೆ ಮಾರಕವಾದುದರಿಂದ, ಕೊನೆಯ ಹಿಮ ಮತ್ತು ಮೊದಲ ಬಿರುಬಿಸಿಲಿನ ನಡುವಿನ ಕಿರಿದಾದ ಅವಧಿಗೆ ಬಿತ್ತನೆಯನ್ನು ಹೊಂದಿಸಬೇಕಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಝೋನ ರಾಜ್ಯದ ಫೀನಿಕ್ಸ್ ನಗರವು ಇದಕ್ಕೆ ಉತ್ತಮ ಉದಾಹರಣೆಯಾಗಿದೆ.

ಹವಾಮಾನ

ಫೀನಿಕ್ಸ್ ಸೊನೊರಾ ಮರುಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ. ವಾರ್ಷಿಕ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 41 °ಸೆ. ಇರುತ್ತದೆ. 1990ರ ಜೂನ್ 26ರಂದು ಇಲ್ಲಿ 50 °ಸೆ. ದಾಖಲಾಗಿತ್ತು. 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶವು 43 °ಸೆ. ದಾಟಿತ್ತು. ಇದೇ ನಗರದಲ್ಲಿ 1913ರ ಜನವರಿಯಲ್ಲಿ ಉಷ್ಣಾಂಶವು ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿಳಿದಿತ್ತು.

ಮರುಭೂಮಿಯ ಗಾಳಿಯಲ್ಲಿ ತೇವಾಂಶ ಕಡಿಮೆ, ಆಕಾಶದಲ್ಲಿ ಮೋಡವೂ ವಿರಳ. ಆದ್ದರಿಂದ ಹಗಲಿನಲ್ಲಿ ಕಾದ ನೆಲವು ರಾತ್ರಿ ತನ್ನ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಗಾಳಿ ಬೀಸದ, ಮೋಡವಿಲ್ಲದ ರಾತ್ರಿಗಳಲ್ಲಿ ಎಲೆಗಳು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಹವಾಮಾನ ಮಾಪಕವು 2 °ಸೆ. ತೋರಿಸುತ್ತಿರುವಾಗಲೂ ನೆಲಮಟ್ಟದಲ್ಲಿ ಹಿಮ ಮೂಡುವುದಕ್ಕೆ ಇದೇ ಕಾರಣ.

ದಿನಾಂಕಗಳ ಅರ್ಥ ಮತ್ತು ಮಿತಿ

ಫೀನಿಕ್ಸ್ ಸುತ್ತಲಿನ ತಗ್ಗು ಮರುಭೂಮಿಯಲ್ಲಿ ಕೊನೆಯ ಹಿಮಕ್ಕೆ ಸಾಮಾನ್ಯವಾಗಿ ಫೆಬ್ರವರಿ ಮಧ್ಯಭಾಗವನ್ನೂ, ಮೊದಲ ಹಿಮಕ್ಕೆ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗಿನ ಅವಧಿಯನ್ನೂ ಆಧಾರವಾಗಿಟ್ಟುಕೊಳ್ಳಲಾಗುತ್ತದೆ. ಇವು ಸರಾಸರಿಗಳಾದುದರಿಂದ ಸರಿಸುಮಾರು ಅರ್ಧದಷ್ಟು ವರ್ಷಗಳಲ್ಲಿ ಈ ದಿನದ ನಂತರವೂ ಹಿಮ ಬೀಳಬಹುದು. ಸರಾಸರಿ ದಿನದಂದೇ ಸಸಿ ನೆಟ್ಟವರು ಕೆಲವು ವಾರಗಳವರೆಗೆ ಹೊದಿಕೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಅಗತ್ಯ.

ಎತ್ತರ ಹೆಚ್ಚಿದಂತೆ ದಿನಾಂಕಗಳು ಬದಲಾಗುತ್ತವೆ. ಸುಮಾರು 730 ಮೀಟರ್ ಎತ್ತರದ ಟೂಸಾನ್ ನಗರದಲ್ಲಿ ಕೊನೆಯ ಹಿಮವು ಮಾರ್ಚ್ ತಿಂಗಳವರೆಗೂ ಮುಂದುವರಿಯುತ್ತದೆ. 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಜೂನ್ ತಿಂಗಳಲ್ಲಿಯೂ ಹಿಮ ಬೀಳುವುದುಂಟು. ಒಂದೇ ಊರಿನೊಳಗೂ ವ್ಯತ್ಯಾಸವಿದೆ. ತಂಪಾದ ಗಾಳಿ ಭಾರವಾಗಿರುವುದರಿಂದ ತಗ್ಗಿನ ಕಡೆಗೆ ಹರಿದು ನಿಲ್ಲುತ್ತದೆ. ಕಾಂಕ್ರೀಟು ಮತ್ತು ಡಾಂಬರು ತುಂಬಿದ ನಗರಮಧ್ಯವು ಹೊರವಲಯಕ್ಕಿಂತ ಬೆಚ್ಚಗಿರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬದಿಯ ಮಡಿಗೆ ಹಿಮದ ಭಯ ಕಡಿಮೆ.

ವಸಂತದ ನಾಟಿ

ಟೊಮೇಟೊ ಬೆಳೆಯಲ್ಲಿ ಕಾಲನಿರ್ಣಯದ ಮಹತ್ವ ಸ್ಪಷ್ಟವಾಗುತ್ತದೆ. ಟೊಮೇಟೊ ಸಸಿ ಹಿಮವನ್ನು ತಾಳದು. ಇನ್ನೊಂದೆಡೆ, ಹಗಲಿನ ಉಷ್ಣಾಂಶ 35 °ಸೆ. ಮೀರಿ, ರಾತ್ರಿಯೂ 24 °ಸೆ.ಗಿಂತ ಕೆಳಗಿಳಿಯದಿದ್ದರೆ ಪರಾಗವು ಸತ್ವ ಕಳೆದುಕೊಂಡು ಹೂಗಳು ಕಾಯಿ ಕಟ್ಟದೆ ಉದುರುತ್ತವೆ. ಫೀನಿಕ್ಸ್‌ನಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠವೇ ಸುಮಾರು 35 °ಸೆ. ಇದೆ. ಹೀಗಾಗಿ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದೊಳಗೆ ಸಸಿ ನೆಟ್ಟರೆ ಏಪ್ರಿಲ್ ವೇಳೆಗೆ ಕಾಯಿ ಕಟ್ಟಿ, ಬೇಸಿಗೆಯ ತೀವ್ರತೆಗೆ ಮೊದಲೇ ಫಸಲು ದೊರೆಯುತ್ತದೆ. ಹಿಮದ ಭಯದಿಂದ ಏಪ್ರಿಲ್ ಕೊನೆಯವರೆಗೆ ಕಾದು ನೆಟ್ಟ ಗಿಡವು ಸೊಂಪಾಗಿ ಬೆಳೆದರೂ ಬಹುಮಟ್ಟಿಗೆ ಬರಡಾಗಿ ನಿಲ್ಲುತ್ತದೆ. ನಾಟಿಗೆ ಆರರಿಂದ ಎಂಟು ವಾರ ಮೊದಲು, ಅಂದರೆ ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ, ಒಳಾಂಗಣದಲ್ಲಿ ಬೀಜ ಹಾಕುವುದು ಮತ್ತು ಬೇಗ ಮಾಗುವ ತಳಿಗಳನ್ನು ಆರಿಸುವುದು ಇದೇ ಲೆಕ್ಕಾಚಾರದ ಭಾಗವಾಗಿದೆ.

ಬೆಂಡೆ, ಅಲಸಂದೆ, ಸಿಹಿಗೆಣಸು ಮುಂತಾದವು ಬಿಸಿಯನ್ನು ಸಹಿಸುತ್ತವೆ. ಇವುಗಳಿಗೆ ಹಿಮದ ದಿನಾಂಕಕ್ಕಿಂತ ಮಣ್ಣಿನ ಉಷ್ಣಾಂಶವೇ ಮುಖ್ಯ. ಮಣ್ಣು ಸುಮಾರು 18 °ಸೆ. ದಾಟಿದ ಮೇಲೆ ಬಿತ್ತುವುದು ಸೂಕ್ತ.

ಮಳೆಗಾಲ ಮತ್ತು ಚಳಿಗಾಲ

ಈ ಪ್ರದೇಶದಲ್ಲಿ ಬೇಸಿಗೆಯ ಮಾನ್ಸೂನ್ ಅವಧಿಯನ್ನು ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಗಣಿಸಲಾಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನರು ಈ ಮಳೆಯ ನೀರು ಹರಿದು ಹರಡುವ ಹಳ್ಳಗಳ ಬಾಯಿಯಲ್ಲಿ ಬಿತ್ತನೆ ಮಾಡುವ ಪದ್ಧತಿಯನ್ನು ರೂಢಿಸಿಕೊಂಡಿದ್ದರು. ಬರ ಸಹಿಸುವ, ಬೇಗ ಮಾಗುವ ಟೆಪರಿ ಅವರೆ ಅವರ ಮುಖ್ಯ ಬೆಳೆಗಳಲ್ಲೊಂದು.

ಶರತ್ಕಾಲದ ಬೆಳೆಗೆ ಮೊದಲ ಹಿಮದ ದಿನದಿಂದ ಹಿಂದಕ್ಕೆ ಎಣಿಸಲಾಗುತ್ತದೆ. 60 ದಿನಗಳಲ್ಲಿ ಫಲ ಕೊಡುವ ಹುರುಳಿಕಾಯಿಯನ್ನು ಸೆಪ್ಟೆಂಬರ್ ಮೊದಲ ಭಾಗದೊಳಗೆ ಬಿತ್ತಿದರೆ ಹಿಮಕ್ಕೆ ಮುನ್ನ ಕೊಯ್ಲು ಮುಗಿಯುತ್ತದೆ. ಕ್ಯಾರೆಟ್, ಪಾಲಕ್, ಎಲೆಕೋಸು, ಬಟಾಣಿ ಮುಂತಾದವುಗಳಿಗೆ ಚಳಿಗಾಲವೇ ಮುಖ್ಯ ಋತು. ಲಘುವಾದ ಹಿಮದಿಂದ ಇವುಗಳ ಗಿಡಕ್ಕೆ ಹೆಚ್ಚಿನ ಹಾನಿಯಾಗದು.

ರಕ್ಷಣೆ

ಹಿಮದ ಮುನ್ಸೂಚನೆಯಿದ್ದ ದಿನ ಹಗಲಿನಲ್ಲಿ ಮಣ್ಣಿಗೆ ನೀರುಣಿಸುವುದು ವಾಡಿಕೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುಗಡೆ ಮಾಡುತ್ತದೆ. ಸಂಜೆ ಗಿಡಗಳಿಗೆ ಬಟ್ಟೆಯನ್ನು ನೆಲ ಮುಟ್ಟುವಂತೆ ಹೊದಿಸಿ, ಬೆಳಿಗ್ಗೆ ಬಿಸಿಲೇರುವ ಮೊದಲು ತೆಗೆಯಬೇಕು. ಎಲೆಗೆ ತಾಗಿದ ಪ್ಲಾಸ್ಟಿಕ್ ಹಾಳೆಯು ಆ ಭಾಗವನ್ನು ಚಳಿಯಿಂದ ಕಾಪಾಡುವುದಿಲ್ಲ. ಹಿಮಕ್ಕೆ ಕಪ್ಪಾದ ಕೊಂಬೆಗಳನ್ನು ಕೂಡಲೇ ಕತ್ತರಿಸದೆ, ಹಿಮದ ಅವಧಿ ಮುಗಿದು ಹೊಸ ಚಿಗುರು ಕಾಣುವವರೆಗೆ ಉಳಿಸಿಕೊಳ್ಳುವುದು ಒಳ್ಳೆಯದು. ಒಣಗಿದ ಭಾಗವು ಒಳಗಿನ ಜೀವಂತ ಭಾಗಕ್ಕೆ ಮರೆಯಾಗುತ್ತದೆ.