ಅಂಗಾಂಶ ಬಾಳೆಯಲ್ಲಿ ಅಡಗಿದ ನಂಜು

ಭತ್ತಕ್ಕೆ ಬೀಜವುಂಟು, ರಾಗಿಗೆ ಬೀಜವುಂಟು. ಬಾಳೆಗೆ? ಒಂದು ಬಾಳೆಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ನಡುವೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೀಜವಾಗಬೇಕಿದ್ದು ಆಗದೆ ಉಳಿದ ಗುರುತುಗಳು ಅವು. ಬಿತ್ತಿದರೆ ಮೊಳೆಯವು. ಹಾಗಾಗಿ ಬಾಳೆಗೆ ಕಂದೇ ಬೀಜ. ತಾಯಿಗಿಡದ ಬುಡದಿಂದ ಎದ್ದ ಕಂದನ್ನು ಗೆಡ್ಡೆಸಹಿತ ಅಗೆದು ಇನ್ನೊಂದು ಕಡೆ ನೆಡುವುದು ನಮ್ಮ ಹಿರಿಯರು ಅನುಸರಿಸಿಕೊಂಡು ಬಂದ ಪದ್ಧತಿ. ಇದರಲ್ಲಿ ಒಂದು ಅನುಕೂಲ, ಒಂದು ತೊಡಕು. ತಾಯಿಯ ಗುಣವೆಲ್ಲ ಕಂದಿಗೆ ಬರುತ್ತದೆ; ತಾಯಿಯ ರೋಗವೂ ಬರುತ್ತದೆ.

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಯಲಿಗೆ ಹರಿಯುತ್ತದೆ. ಕಬ್ಬು, ಭತ್ತ, ತೆಂಗಿನ ನಡುವೆ ಅಲ್ಲಲ್ಲಿ ಬಾಳೆಯ ತೋಟಗಳಿವೆ. ಅವುಗಳಲ್ಲಿ ಈಗ ಕಂದಿನ ಬದಲು ಕಪ್ಪು ಪಾಲಿಥೀನ್ ಚೀಲದಲ್ಲಿ ಬಂದ, ಒಂದೇ ಎತ್ತರದ, ಅಚ್ಚು ಹೊಯ್ದಂತಿರುವ ಸಸಿಗಳನ್ನು ನೆಟ್ಟಿರುವುದನ್ನು ನೀವು ನೋಡಿರಬಹುದು. ಇವೇ ಅಂಗಾಂಶ ಕೃಷಿಯ ಸಸಿಗಳು. ಜಿ-9 ಎಂದು ರೈತರು ಕರೆಯುವ ಗ್ರ್ಯಾಂಡ್ ನೈನ್ ತಳಿಯೇ ಇವುಗಳಲ್ಲಿ ಹೆಚ್ಚು. ಏಲಕ್ಕಿ ಬಾಳೆಯೂ ಹೀಗೆ ಸಿಗುತ್ತದೆ. 'ಟಿಶ್ಯೂ ಕಲ್ಚರ್ ಅಂದ ಮೇಲೆ ರೋಗ ಇರುವುದಿಲ್ಲ ಬಿಡಿ' ಎಂಬ ಮಾತನ್ನು ಸಂತೆಯಲ್ಲೂ ಕೇಳಬಹುದು, ನರ್ಸರಿಯ ಬಾಗಿಲಲ್ಲೂ ಕೇಳಬಹುದು. ಈ ಮಾತು ಅರ್ಧ ನಿಜ. ಉಳಿದ ಅರ್ಧ ರೈತನ ಒಂದು ವರ್ಷವನ್ನೇ ನುಂಗಬಲ್ಲದು.

ಪ್ರಯೋಗಾಲಯದಲ್ಲಿ ನಡೆಯುವುದೇನು? ಒಳ್ಳೆಯ ತಾಯಿಗಿಡದ ಕಂದನ್ನು ತಂದು, ತೊಳೆದು, ಪದರ ಪದರವಾಗಿ ಸುಲಿದು, ಒಳಗಿನ ಬೆಳೆಯುವ ತುದಿಯನ್ನು ಕೊಯ್ದು ತೆಗೆಯುತ್ತಾರೆ. ಅದನ್ನು ರಾಸಾಯನಿಕಗಳಿಂದ ಶುಚಿಗೊಳಿಸಿ, ಸಕ್ಕರೆ, ಲವಣ ಮತ್ತು ಬೆಳವಣಿಗೆಯ ಚೋದಕಗಳಿರುವ ಸೀಸೆಯಲ್ಲಿ ಇಡುತ್ತಾರೆ. ಕೆಲವು ವಾರಗಳಲ್ಲಿ ಅದರಿಂದ ಹಲವು ಮೊಳಕೆಗಳು ಒಡೆಯುತ್ತವೆ. ಅವನ್ನು ಬಿಡಿಸಿ ಮತ್ತೆ ಬೇರೆ ಸೀಸೆಗಳಿಗೆ ಹಾಕುತ್ತಾರೆ. ಪ್ರತಿ ಸುತ್ತಿನಲ್ಲೂ ಒಂದು ಮೂರಾಗುತ್ತದೆ ಎಂದಿಟ್ಟುಕೊಳ್ಳಿ. ಎಂಟು ಸುತ್ತಾಗುವಷ್ಟರಲ್ಲಿ ಒಂದು ಕಂದಿನಿಂದ 6,561 ಸಸಿಗಳು!

ಈ ಶುಚಿಗೊಳಿಸುವಿಕೆಯಿಂದ ಗೆಡ್ಡೆಗೆ ಅಂಟಿದ ಮಣ್ಣು, ಜಂತುಹುಳು, ಶಿಲೀಂಧ್ರ, ಸೊರಗು ರೋಗದ ಬೀಜಕಣಗಳು ದೂರವಾಗುತ್ತವೆ. ನೆರೆಯ ನಂಜನಗೂಡಿನ ರಸಬಾಳೆಯನ್ನು ಅಳಿವಿನ ಅಂಚಿಗೆ ತಳ್ಳಿದ ಪನಾಮಾ ಸೊರಗು ರೋಗ ಶಿಲೀಂಧ್ರದಿಂದ ಬರುವಂಥದ್ದು. ಅಂಥದು ಸೀಸೆಯೊಳಗೆ ಸೇರಿದರೆ ಪೋಷಕ ದ್ರಾವಣದ ಮೇಲೆ ಬೂಷ್ಟಾಗಿ ಬೆಳೆದು ತಾನೇ ಸಿಕ್ಕಿಬೀಳುತ್ತದೆ. ನಂಜಾಣು, ಅಂದರೆ ವೈರಸ್, ಹಾಗಲ್ಲ. ಅದು ಜೀವಕೋಶದ ಒಳಗೇ ಇರುತ್ತದೆ. ಹೊರಗಿನ ತೊಳೆತ ಅದನ್ನು ಮುಟ್ಟುವುದಿಲ್ಲ. ಸೀಸೆಯಲ್ಲಿ ಅದು ಬೂಷ್ಟು ಕಟ್ಟುವುದಿಲ್ಲ, ನೀರನ್ನು ಕಲಕುವುದಿಲ್ಲ. ಸಸಿ ಹಸಿರಾಗಿಯೇ ಇರುತ್ತದೆ. ತಾಯಿಯಲ್ಲಿ ನಂಜಿದ್ದರೆ ಕೆಲವು ಮರಿಗಳು ತಪ್ಪಿಸಿಕೊಂಡಾವು. ಹೆಚ್ಚಿನವು ಅದನ್ನು ಹೊತ್ತೇ ಹೊರಬರುತ್ತವೆ.

ಈಗ ಲೆಕ್ಕ ಹಾಕಿ. ಆರು ಅಡಿಗೊಂದರಂತೆ ನೆಟ್ಟರೆ ಎಕರೆಗೆ 1,210 ಗಿಡ. ಪರೀಕ್ಷಿಸದೆ ಆರಿಸಿದ ಒಂದೇ ಒಂದು ಕಂದು ಐದು ಎಕರೆಗೂ ಮೀರಿ ರೋಗವನ್ನು ಹಂಚಬಲ್ಲದು. ಹಳೆಯ ಪದ್ಧತಿಯಲ್ಲಿ ರೋಗದ ಕಂದು ಒಂದು ಗುಣಿಯನ್ನು ಕೆಡಿಸುತ್ತಿತ್ತು. ಅಂಗಾಂಶ ಕೃಷಿ ಒಳ್ಳೆಯದನ್ನು ಎಷ್ಟು ವೇಗದಲ್ಲಿ ಹೆಚ್ಚಿಸುತ್ತದೋ ಕೆಟ್ಟದ್ದನ್ನೂ ಅಷ್ಟೇ ವೇಗದಲ್ಲಿ ಹೆಚ್ಚಿಸುತ್ತದೆ.

ನಮ್ಮ ದೇಶದಲ್ಲಿ ಬಾಳೆಯನ್ನು ಕಾಡುವ ಮುಖ್ಯ ನಂಜಾಣುಗಳು ನಾಲ್ಕು. ಇವುಗಳಲ್ಲಿ ಬಲು ಕ್ರೂರವಾದುದು ಬಂಚಿಟಾಪ್, ಎಂದರೆ ತುದಿಗೊಂಚಲು ರೋಗದ ನಂಜಾಣು. ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ಗಿಡದ ತಲೆಯಲ್ಲಿ ಗೊಂಚಲುಗಟ್ಟುತ್ತವೆ. ಎಳೆಯದರಲ್ಲೇ ರೋಗ ತಗುಲಿದ ಗಿಡ ಗೊನೆ ಹಾಕುವುದೇ ಇಲ್ಲ. ಫಿಜಿ ದ್ವೀಪಗಳಲ್ಲಿ 1889ರಲ್ಲೇ ದಾಖಲಾದ ಈ ರೋಗ 1913ರ ಸುಮಾರಿಗೆ ಕಂದುಗಳ ಜೊತೆಗೆ ಆಸ್ಟ್ರೇಲಿಯಾ ಸೇರಿ, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿನ ಬಹುಪಾಲು ತೋಟಗಳನ್ನು ಹಾಳುಗೆಡವಿತು. ಮೆಗೀ ಎಂಬ ವಿಜ್ಞಾನಿ ಇದನ್ನು ಹರಡುವುದು ಬಾಳೆಯ ಕಪ್ಪು ಗಿಡಹೇನು ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟರು. ಭಾರತಕ್ಕೆ ಇದು 1940ರ ಸುಮಾರಿಗೆ ಶ್ರೀಲಂಕಾದಿಂದ ಕೇರಳದ ಮೂಲಕ ಬಂದಿತೆನ್ನುತ್ತಾರೆ. ಕಡಲು ದಾಟಿದ್ದು ಹೇನಿನ ರೆಕ್ಕೆಯಿಂದಲ್ಲ, ಮನುಷ್ಯನ ಕೈಯಲ್ಲಿದ್ದ ಕಂದಿನಿಂದ ಎಂಬುದನ್ನು ಗಮನಿಸಿ.

ಎರಡನೆಯದು ಸೌತೆಯ ಮೊಸಾಯಿಕ್ ನಂಜಾಣು. ಹೆಸರು ಸೌತೆಯದಾದರೂ ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳಿಗೆ ಇದು ತಗುಲುತ್ತದೆ. ಮೂರನೆಯದು ಬಾಳೆ ಹೂವಿನ ಹೊದಿಕೆಯ ಮೇಲೆ ಗೆರೆ ಮೂಡಿಸುವ ಬ್ರ್ಯಾಕ್ಟ್ ಮೊಸಾಯಿಕ್. ಕೇರಳದ ನೇಂದ್ರ ಬಾಳೆಯಲ್ಲಿ ಇದಕ್ಕೆ ಕೊಕ್ಕಾನ್ ಎಂದು ಹೆಸರು. ನಾಲ್ಕನೆಯದು ಎಲೆಯ ಮೇಲೆ ಹಳದಿ ಗೀಟು ಎಳೆಯುವ ಸ್ಟ್ರೀಕ್ ನಂಜಾಣು. ಇದರ ಕಥೆ ಸ್ವಾರಸ್ಯವಾದುದು, ಮುಂದೆ ಹೇಳುತ್ತೇನೆ.

ಕಣ್ಣಿನಿಂದ ನೋಡಿ ರೋಗದ ಗಿಡವನ್ನು ಬೇರ್ಪಡಿಸಬಾರದೇ ಎಂದು ನೀವು ಕೇಳಬಹುದು. ಹೇನು ಕಚ್ಚಿದ ಮೇಲೆ ಒಂದೆರಡು ಹೊಸ ಎಲೆ ಬಿಟ್ಟ ನಂತರವೇ ಬಂಚಿಟಾಪ್‌ನ ಗುರುತು ಕಾಣುತ್ತದೆ. ಬೆರಳುದ್ದದ ಸಸಿಯಲ್ಲಂತೂ ಏನೂ ಕಾಣದಿರಬಹುದು. ಸೂಕ್ಷ್ಮದರ್ಶಕದಲ್ಲಿ? ಈ ನಂಜಾಣುವಿನ ಅಡ್ಡಳತೆ 18ರಿಂದ 20 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ನಿಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಅದು ಸಿಗದು.

ಆದ್ದರಿಂದ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಮೊದಲನೆಯದು ಎಲೈಸಾ ಪರೀಕ್ಷೆ. ಸಸ್ಯದ ನಂಜಾಣುಗಳ ಪತ್ತೆಗೆ ಇದನ್ನು ಕ್ಲಾರ್ಕ್ ಮತ್ತು ಆಡಮ್ಸ್ 1977ರಲ್ಲಿ ಅಳವಡಿಸಿಕೊಟ್ಟರು. ಮೊಲದಂಥ ಪ್ರಾಣಿಯ ರಕ್ತಕ್ಕೆ ಶುದ್ಧಗೊಳಿಸಿದ ನಂಜಾಣುವನ್ನು ಚುಚ್ಚಿದರೆ ಅದರ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಪ್ರತಿಕಾಯ ಬೀಗದ ಕೈಯಂತೆ. ತನ್ನ ಬೀಗಕ್ಕಷ್ಟೇ ಕೂಡುತ್ತದೆ. 96 ಪುಟ್ಟ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಈ ಪ್ರತಿಕಾಯವನ್ನು ಲೇಪಿಸಿ, ಬಾಳೆ ಎಲೆ ಅರೆದ ರಸವನ್ನು ಹಾಕುತ್ತಾರೆ. ನಂಜಾಣು ಇದ್ದರೆ ಕಚ್ಚಿಕೊಳ್ಳುತ್ತದೆ. ಉಳಿದುದನ್ನು ತೊಳೆದು ಚೆಲ್ಲಿ, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯವನ್ನು ಹಾಕಿ ಮತ್ತೆ ತೊಳೆಯುತ್ತಾರೆ. ಕೊನೆಗೆ ಬಣ್ಣವಿಲ್ಲದ ಒಂದು ರಾಸಾಯನಿಕ. ಕಿಣ್ವ ಅಲ್ಲಿ ಉಳಿದಿದ್ದರೆ ಆ ಕುಳಿ ಹಳದಿಯಾಗುತ್ತದೆ. ಒಂದೇ ತಟ್ಟೆಯಲ್ಲಿ ಹತ್ತಾರು ಗಿಡಗಳ ತೀರ್ಪು! ಆರೋಗ್ಯವಾದ ಗಿಡದ ರಸವೂ ರೋಗವಿರುವುದು ಖಚಿತವಾದ ಗಿಡದ ರಸವೂ ಪಕ್ಕದ ಕುಳಿಗಳಲ್ಲಿ ಇರಲೇಬೇಕು. ಹೋಲಿಸಲು ಅವಿಲ್ಲದಿದ್ದರೆ ಹಳದಿಗೆ ಅರ್ಥವಿಲ್ಲ.

ಎಲೈಸಾದ ಕೊರತೆಯೆಂದರೆ ನಂಜಾಣುವಿನ ಪ್ರಮಾಣ ತೀರ ಕಡಿಮೆಯಿದ್ದಾಗ ಅದು ಗುರುತಿಸದೆ ಹೋಗಬಹುದು. ಎಳೆಯ ಅಂಗಾಂಶ ಸಸಿಗಳಲ್ಲಿ ಬರುವ ಕಷ್ಟವೂ ಇದೇ. ಇಲ್ಲಿ ನೆರವಿಗೆ ಬರುವುದು ಪಿ.ಸಿ.ಆರ್. ಕೋವಿಡ್ ಕಾಲದಲ್ಲಿ ಮನೆಮಾತಾದ ಹೆಸರು ಇದು. 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ಈ ಉಪಾಯಕ್ಕೆ 1993ರಲ್ಲಿ ನೊಬೆಲ್ ಪಾರಿತೋಷಕ ಬಂತು. ನಂಜಾಣುವಿನ ಡಿ.ಎನ್.ಎ.ಯ ಒಂದು ತುಣುಕನ್ನು ಬಿಸಿ ಮಾಡಿ, ತಣಿಸಿ, ಪ್ರತಿ ಸುತ್ತಿನಲ್ಲೂ ಇಮ್ಮಡಿಗೊಳಿಸುತ್ತಾರೆ. ಮೂವತ್ತು ಸುತ್ತಿಗೆ ಒಂದು ತುಣುಕು, ಲೆಕ್ಕದ ಪ್ರಕಾರ, 107 ಕೋಟಿ ದಾಟುತ್ತದೆ. ಬಂಚಿಟಾಪ್ ಮತ್ತು ಸ್ಟ್ರೀಕ್ ನಂಜಾಣುಗಳದು ಡಿ.ಎನ್.ಎ.; ಉಳಿದೆರಡರದು ಆರ್.ಎನ್.ಎ. ಆದ್ದರಿಂದ ಆ ಎರಡನ್ನು ಮೊದಲು ಡಿ.ಎನ್.ಎ. ರೂಪಕ್ಕೆ ತಿರುಗಿಸಿಕೊಳ್ಳಬೇಕು. ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಹೋಗದು ಎಂಬುದು ನಿಮಗೆ ಗೊತ್ತು. ಅದೇ ಕರೆ ಪ್ರಯೋಗಾಲಯದಲ್ಲೂ ತೊಂದರೆ ಕೊಡುತ್ತದೆ. ಅದರಲ್ಲಿರುವ ಪದಾರ್ಥಗಳು ಪಿ.ಸಿ.ಆರ್. ಕ್ರಿಯೆಯನ್ನೇ ತಡೆಯುವುದರಿಂದ, ಮೊದಲು ಅವನ್ನು ನಿವಾರಿಸದಿದ್ದರೆ ರೋಗದ ಗಿಡವೂ 'ರೋಗವಿಲ್ಲ' ಎಂಬ ಫಲಿತಾಂಶ ಪಡೆದುಬಿಡುತ್ತದೆ.

ಇನ್ನು ಸ್ಟ್ರೀಕ್ ನಂಜಾಣುವಿನ ಕಥೆ. ಬಾಳೆಯ ತಳಿಗಳಿಗೆ ಮೂಲ ಎರಡು ಕಾಡುಬಾಳೆಗಳು. ವಿಜ್ಞಾನಿಗಳು ಅವುಗಳ ವಂಶವನ್ನು ಎ ಮತ್ತು ಬಿ ಎಂದು ಗುರುತಿಸುತ್ತಾರೆ. ಜಿ-9 ಪೂರ್ತಿ ಎ ವಂಶದ್ದು. ಏಲಕ್ಕಿ ಬಾಳೆಯಲ್ಲಿ ಎ, ಬಿ ಎರಡೂ ಸೇರಿವೆ. ಈ ಬಿ ವಂಶದ ವರ್ಣತಂತುಗಳಲ್ಲಿ ಸ್ಟ್ರೀಕ್ ನಂಜಾಣುವಿನ ತುಣುಕುಗಳು ಬಹು ಹಿಂದೆಯೇ ಹೊಲಿದುಕೊಂಡುಬಿಟ್ಟಿವೆ. ಕೆಲವು ತಳಿಗಳಲ್ಲಿ ಇವು ಎಚ್ಚರಗೊಂಡು ನಿಜವಾದ ರೋಗವಾಗುವುದುಂಟು. ಹಾಗೆ ಎಚ್ಚರಿಸುವ ಒತ್ತಡಗಳಲ್ಲಿ ಅಂಗಾಂಶ ಕೃಷಿಯೂ ಒಂದು! ಹೊರಗಿನಿಂದ ಹೇನೂ ಬೇಡ, ಹಿಟ್ಟುತಿಗಣೆಯೂ ಬೇಡ. ಈ ಗುಂಪಿನ ಒಂದು ನಂಜಾಣುವಿಗೆ ವಿಜ್ಞಾನ ಲೋಕದಲ್ಲಿ ನಮ್ಮ ಮೈಸೂರಿನ ಹೆಸರೇ ಇದೆ. ಪೂವನ್ ಬಾಳೆಗೆ ಹೊರನಾಡುಗಳಲ್ಲಿ 'ಮೈಸೂರು' ಎನ್ನುವುದರಿಂದ ಬಂದ ಹೆಸರು ಅದು. ಅಂಥ ಕೀರ್ತಿ ಯಾರಿಗೆ ಬೇಕಿತ್ತು?

ಬಿ ವಂಶದ ತಳಿಗಳಲ್ಲಿ ಸಾಮಾನ್ಯ ಪಿ.ಸಿ.ಆರ್. ಮಾಡಿದರೆ ಮಲಗಿರುವ ತುಣುಕನ್ನೇ ಹಿಡಿದು ಆರೋಗ್ಯವಾದ ಗಿಡಕ್ಕೂ ರೋಗಿಯ ಪಟ್ಟ ಕಟ್ಟಬಹುದು. ಅದಕ್ಕೆ ಎರಡೂ ಪರೀಕ್ಷೆಗಳನ್ನು ಬೆಸೆದಿದ್ದಾರೆ. ಮೊದಲು ಪ್ರತಿಕಾಯದಿಂದ ಪೂರ್ಣ ನಂಜಾಣುಗಳನ್ನು ಮಾತ್ರ ಹಿಡಿದು, ಗಿಡದ ಸ್ವಂತ ಡಿ.ಎನ್.ಎ.ಯನ್ನು ತೊಳೆದುಹಾಕಿ, ಆಮೇಲೆ ಪಿ.ಸಿ.ಆರ್. ಮಾಡುತ್ತಾರೆ.

ಇದೆಲ್ಲ ರೈತನ ಕೈಗೆ ಎಟುಕುವ ಕೆಲಸವಲ್ಲ. ಅದಕ್ಕಾಗಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ತಂದಿತು. ಮಾನ್ಯತೆ ಪಡೆದ ಪ್ರಯೋಗಾಲಯಗಳು ತಾಯಿಗಿಡದ ಮೂಲವನ್ನೂ ಸಸಿಗಳ ತಂಡಗಳನ್ನೂ ಪರೀಕ್ಷಿಸಿ ತೀರ್ಪು ಕೊಡುತ್ತವೆ. ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಇಂಥ ಪರೀಕ್ಷೆ ನಡೆಸುವ ಕಡೆಗಳಲ್ಲೊಂದು. ನಿಮ್ಮ ಮನೆಯವರು ಸಸಿ ಕೊಳ್ಳಲು ಹೊರಟರೆ ಸಸಿಯ ಎತ್ತರ, ಬೆಲೆ ಕೇಳುವ ಮೊದಲು ಪ್ರಮಾಣಪತ್ರ ಕೇಳಲು ಹೇಳಿ. ಜೊತೆಗೆ, ಸೀಸೆಯಿಂದ ಹೊರಬಂದ ಸಸಿಯನ್ನು ಹದಗೊಳಿಸಿದ ನೆರಳುಮನೆಯನ್ನೂ ಕಣ್ಣಾರೆ ನೋಡಿ. ಹಳೆಯ ಬಾಳೆ ತೋಟದ ಪಕ್ಕದಲ್ಲಿ, ಕೀಟ ನುಸುಳದ ಬಲೆಯಿಲ್ಲದೆ ಬೆಳೆದ ಸಸಿಗೆ ಪ್ರಯೋಗಾಲಯದ ಪತ್ರ ಎಷ್ಟು ಶುದ್ಧವಿದ್ದರೂ ಅದು ಪರೀಕ್ಷೆಯ ದಿನದ ಮಾತು.

ನೆಟ್ಟ ಮೇಲಿನ ಕೆಲಸ ನೀವೇ ಮಾಡಬಹುದು. ಮೊದಲ ಕೆಲವು ತಿಂಗಳು ಬಾಳೆಯ ಸಾಲಿನ ನಡುವೆ ಸೌತೆ, ಕುಂಬಳ ಹಾಕುವುದು ಬೇಡವೆನ್ನಿ. ಬೆಳಗಿನ ಹೊತ್ತು ಎಲೆಯನ್ನು ಹಿಂಬದಿಯಿಂದ, ಬಿಸಿಲಿಗೆ ಎದುರಾಗಿ ಹಿಡಿದು ನೋಡಿ. ನಡುದಂಟಿನ ಬಳಿ ಮತ್ತು ತೊಟ್ಟಿನ ಮೇಲೆ ತಂತಿ ಕಚೇರಿಯ ಸಂಕೇತದಂತೆ ಚುಕ್ಕೆ, ಗೀಟು, ಚುಕ್ಕೆ ಎಂದು ಕಡುಹಸಿರು ಗುರುತುಗಳಿದ್ದರೆ ಅದು ಬಂಚಿಟಾಪ್. ಕೂಡಲೇ ಕುಡುಗೋಲು ಎತ್ತಬೇಡಿ. ಗಿಡ ಅಲುಗಿದರೆ ಎಲೆಯ ಸಂದಿನಲ್ಲಿರುವ ಹೇನುಗಳು ಪಕ್ಕದ ಗಿಡಕ್ಕೆ ಹೋಗುತ್ತವೆ. ಮೊದಲು ಔಷಧಿ ಸಿಂಪಡಿಸಿ ಹೇನುಗಳನ್ನು ಕೊಲ್ಲಬೇಕು. ಆಮೇಲೆ ಗಿಡವನ್ನು ಗೆಡ್ಡೆ, ಕಂದುಗಳ ಸಮೇತ ಅಗೆದು, ಕೊಚ್ಚಿ, ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಗೆಡ್ಡೆಯ ಒಂದು ಕಣ್ಣು ಮಣ್ಣಿನಲ್ಲಿ ಉಳಿದರೂ ಮುಂದಿನ ಮಳೆಗೆ ಅದು ಚಿಗುರುತ್ತದೆ, ನಂಜಿನೊಂದಿಗೇ.