ಚಿತ್ರಕ್ಕೆ ನಾಮಕರಣ

ಮಗುವಿಗೆ ಹೆಸರಿಡುವಾಗ ನಾವು ಹಿರಿಯರನ್ನು ಕೇಳುತ್ತೇವೆ, ನಕ್ಷತ್ರವನ್ನು ನೋಡುತ್ತೇವೆ. ಚಿತ್ರಗಾರನಾದರೋ ತಾನು ಬರೆದ ಚಿತ್ರಕ್ಕೆ ತಾನೇ ಹೆಸರನ್ನು ಹುಡುಕಬೇಕು. ರೇಖೆಯೂ ವರ್ಣವೂ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಎರಡು ಮಾತಿನ ಹೆಸರಿಗೆ ಉಳಿಯುವ ಕೆಲಸವಾದರೂ ಏನು? ಇದನ್ನು ಕುರಿತು ವಾಚಕರೊಡನೆ ಕೊಂಚ ವಿಚಾರಮಾಡಬೇಕೆಂದು ನಮ್ಮ ಇಚ್ಛೆ.

ಶಬ್ದವು ಅರ್ಥವನ್ನು ನೇರವಾಗಿ ಹೇಳುವುದು ಅಭಿಧೆ, ಹೇಳದೆಯೇ ಸೂಚಿಸುವುದು ವ್ಯಂಜನೆ ಎಂದು ನಮ್ಮ ಆಲಂಕಾರಿಕರು ವಿವರಿಸಿರುವರು. ರಾಜಾ ರವಿವರ್ಮರ ‘ಹಂಸದಮಯಂತಿ’ ಎಂಬುದು ಅಭಿಧೆಯಿಂದ ಬಂದ ಹೆಸರು. ಅದನ್ನು ಓದಿದೊಡನೆ ಚಿತ್ರದ ತರುಣಿ ಯಾರು, ಎದುರಿನ ಹಕ್ಕಿ ಯಾರ ದೂತ ಎಂಬುದೆಲ್ಲವೂ ತಿಳಿಯುತ್ತದೆ. ಅದೇ ರವಿವರ್ಮರು 1893ರಲ್ಲಿ ಷಿಕಾಗೋ ನಗರದ ಪ್ರದರ್ಶನಕ್ಕೆ ಕಳುಹಿಸಿದ ಚಿತ್ರಗಳಲ್ಲಿ ಒಂದಕ್ಕೆ ‘ಅದೋ, ಅಪ್ಪ ಬರುತ್ತಾರೆ’ ಎಂಬ ಅರ್ಥದ ಹೆಸರುಂಟು. ಅದರಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿಯಿದ್ದಾಳೆ, ನಾಯಿಯೂ ಇದೆ. ಅಪ್ಪನು ಮಾತ್ರ ಎಲ್ಲಿಯೂ ಇಲ್ಲ. ಚೌಕಟ್ಟಿನ ಆಚೆಗಿರುವ ಅವನನ್ನು ಹೆಸರೊಂದೇ ನಮ್ಮ ಮನಸ್ಸಿಗೆ ಕರೆತರುತ್ತದೆ. ಇದು ವ್ಯಂಜನೆ. ಬಣ್ಣದಿಂದಾಗದ ಕೆಲಸವನ್ನು ಹೆಸರು ಮಾಡಿತು.

ಹೆಸರು ಬದಲಾದರೆ ಚಿತ್ರದ ವ್ಯಾಪ್ತಿಯೂ ಬದಲಾಗುವುದುಂಟು. ವಂಗವಿಭಜನೆಯ ವರ್ಷವಾದ 1905ರಲ್ಲಿ ಅವನೀಂದ್ರನಾಥ ಠಾಕೂರರು ಕಾವಿಯುಟ್ಟ ಚತುರ್ಭುಜೆಯೊಬ್ಬಳನ್ನು ಬರೆದರು. ಅವಳ ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಜಪಮಾಲೆ, ಬಿಳಿಯ ವಸ್ತ್ರ. ಮೊದಲು ಅವರ ಭಾವನೆಯಲ್ಲಿ ಅವಳು ‘ಬಂಗಮಾತೆ’. ಕಡೆಗೆ ಇಟ್ಟ ಹೆಸರು ‘ಭಾರತಮಾತೆ’. ಒಂದು ಪ್ರಾಂತದ ತಾಯಿ ಹೀಗೆ ದೇಶಕ್ಕೆಲ್ಲ ತಾಯಿಯಾದಳು.

ಆದರೆ ಚಿತ್ರಗಾರನು ಇಟ್ಟ ಹೆಸರನ್ನು ಜನರು ಯಾವಾಗಲೂ ಒಪ್ಪುವರೆಂಬ ನಿಯಮವಿಲ್ಲ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ವಿಸ್ಲರನು 1871ರಲ್ಲಿ ತನ್ನ ವೃದ್ಧಮಾತೆಯ ಚಿತ್ರವನ್ನು ಬರೆದು, ‘ಬೂದು ಮತ್ತು ಕಪ್ಪು ಬಣ್ಣಗಳ ವಿನ್ಯಾಸ, ಸಂಖ್ಯೆ 1’ ಎಂದು ಹೆಸರಿಟ್ಟನು. ನೋಡುವವರು ವರ್ಣಗಳ ಹೊಂದಿಕೆಯನ್ನು ಸವಿಯಲಿ, ಕುಳಿತವಳು ಯಾರಾದರೇನು ಎಂಬುದು ಅವನ ಮತ. 1891ರಲ್ಲಿ ಫ್ರಾನ್ಸ್ ಸರ್ಕಾರವು ಕೊಂಡುಕೊಂಡ ಆ ಚಿತ್ರವನ್ನು ಲೋಕವೆಲ್ಲವೂ ಇಂದಿಗೂ ‘ವಿಸ್ಲರನ ತಾಯಿ’ ಎಂದೇ ಕರೆಯುತ್ತದೆ. ಮಗನು ಮರೆಸಹೊರಟ ತಾಯಿಯನ್ನು ನೋಡಿದವರು ಮರೆಯಲಿಲ್ಲ.

ಇನ್ನು ರವೀಂದ್ರನಾಥ ಠಾಕೂರರ ಮಾರ್ಗವೇ ಬೇರೆ. ಜೀವಮಾನವೆಲ್ಲ ಶಬ್ದದ ಉಪಾಸನೆ ಮಾಡಿದ ಆ ಕವಿಗಳು ಮುಪ್ಪಿನಲ್ಲಿ ಬರೆದ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳಲ್ಲಿ ಬಹುಪಾಲನ್ನು ಹೆಸರಿಲ್ಲದೆಯೇ ಬಿಟ್ಟರು. ಶಬ್ದದ ಬಲವನ್ನು ಬಲ್ಲವರಾದುದರಿಂದಲೇ ಅದನ್ನು ದೂರವಿಟ್ಟರೆಂದು ನಮಗೆ ತೋರುತ್ತದೆ.

ಕಣ್ಣು ಕಂಡುದನ್ನೇ ಮತ್ತೆ ಹೇಳುವ ಹೆಸರು ವ್ಯರ್ಥ. ಇಷ್ಟನ್ನೇ ನೋಡು ಎಂದು ಆಜ್ಞಾಪಿಸುವ ಹೆಸರನ್ನು ಸಹೃದಯರು ಮೀರಿಯೇ ತೀರುವರು. ಕಾಣದುದೊಂದನ್ನು ಮೆಲ್ಲನೆ ಸೂಚಿಸುವ ಹೆಸರು ಉತ್ತಮ. ಅದು ದೊರೆಯದಿದ್ದಲ್ಲಿ ಮೌನವೇ ಲೇಸು.

ಈ ವಿಚಾರವು ಚಿತ್ರಶಾಲೆಗೆ ಮಾತ್ರ ಸೇರಿದುದಲ್ಲ. ಮನೆಯ ಮಗು ಬಳಪದಿಂದ ಏನನ್ನೋ ಗೀಚಿ ತಂದು ತೋರಿಸಿದಾಗ, “ಇದು ಆನೆಯಲ್ಲವೆ?” ಎಂದು ನಾವೇ ಹೆಸರಿಟ್ಟುಬಿಡುತ್ತೇವೆ. ಮಗುವಿನ ಮನಸ್ಸಿನಲ್ಲಿ ಅದು ಮಳೆಯ ಮೋಡವಾಗಿದ್ದರೆ ಆ ಮೋಡವು ಅಲ್ಲಿಗೇ ಕರಗಿತು. “ಇದಕ್ಕೆ ಏನು ಹೆಸರಿಟ್ಟೆ, ಕಂದ?” ಎಂದು ಕೇಳಿ, ಅದು ಹೇಳುವವರೆಗೆ ಕಾಯುವುದು ತಾಯಿತಂದೆಯರಿಗೆ ಉಚಿತವು.