ಯಕೃತ್ತಿನ ರೋಗಿಗೆ ರಾತ್ರಿಯ ಆಹಾರ

ತ್ಯಾವಣಿಗೆಯ ಸುತ್ತಿನ ನಮ್ಮ ಮನೆಗಳಲ್ಲಿ ಯಾರಿಗಾದರೂ ಯಕೃತ್ತು, ಅಂದರೆ ಲಿವರ್, ಗಟ್ಟಿಗೊಂಡು ಹೊಟ್ಟೆಯಲ್ಲಿ ನೀರು ತುಂಬಿತೆಂದರೆ ಪಥ್ಯದ ಹೆಸರಿನಲ್ಲಿ ಮೊದಲು ಬೇಳೆ ನಿಲ್ಲುತ್ತದೆ, ಆಮೇಲೆ ಮೊಸರು. ಉಳಿಯುವುದು ಗಂಜಿಯ ತಿಳಿಯೊಂದೇ. ಹಿಂದೆ ವೈದ್ಯರೂ ಸಸಾರಜನಕವನ್ನು ತಗ್ಗಿಸಿ ಎನ್ನುತ್ತಿದ್ದರು, ಈಗ ಹಾಗಿಲ್ಲ. ಇಂತಹ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಸಸಾರಜನಕ ಬೇಕು. ರೋಗ ಬಲಿತು ಬುದ್ಧಿ ಮಂಕಾಗುವ ಭಯವಿದ್ದವರಿಗೆ ಬೇಳೆ, ಹಾಲು, ಮೊಸರುಗಳೇ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತವೆ. ನಮ್ಮ ಶಾಕಾಹಾರ ಇಲ್ಲಿ ಕೊರತೆಯೇನಲ್ಲ.

ಆರೋಗ್ಯವಂತ ಯಕೃತ್ತು ರಾತ್ರಿಗೆ ಬೇಕಾದ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ಗಟ್ಟಿಗೊಂಡದ್ದಕ್ಕೆ ಆ ಶಕ್ತಿಯಿಲ್ಲ. ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಒಂದು ರಾತ್ರಿಯ ಬರಿಹೊಟ್ಟೆ ಇವರಿಗೆ ಇತರರ ಎರಡು ಮೂರು ದಿನಗಳ ಉಪವಾಸಕ್ಕೆ ಸಮಾನ. ಆದುದರಿಂದ ಮಲಗುವ ಮುನ್ನ ಹಾಲು ಬೆರೆಸಿದ ಒಂದು ಲೋಟ ರಾಗಿ ಗಂಜಿ, ಜೊತೆಗೊಂದು ಬಾಳೆಹಣ್ಣು ಕೊಡಬೇಕು. ಸಕ್ಕರೆ ಕಾಯಿಲೆಯಿದ್ದರೆ ವೈದ್ಯರನ್ನು ಕೇಳಿ. ಶ್ರಾವಣ ಸೋಮವಾರವಾಗಲಿ, ಶಿವರಾತ್ರಿಯಾಗಲಿ, ರೋಗಿಯನ್ನು ಉಪವಾಸಕ್ಕೆ ಕೂರಿಸಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಡಬ್ಬಿಯ ಪುಡಿಗಳು ಊಟ ಸಾಲದವರಿಗೆ, ಅದೂ ವೈದ್ಯರು ಬರೆದುಕೊಟ್ಟರೆ ಮಾತ್ರ. ಕಬ್ಬಿಣದ ಮಾತ್ರೆಯನ್ನೂ ತಾವಾಗಿಯೇ ನುಂಗಬಾರದು. ಗಿಡಮೂಲಿಕೆಯಾದರೆ ತೊಂದರೆಯಿಲ್ಲವೆಂದು ನಂಬುವಂತಿಲ್ಲ: ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ಹೊಟ್ಟೆಯಲ್ಲಿ ನೀರಿದ್ದವರಿಗೆ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಂಡಕ್ಕಿ ಇವೆಲ್ಲ ಬೇಡ. ನಾಲಿಗೆಗೆ ರುಚಿ ಬೇಕಾದರೆ ನಿಂಬೆರಸ, ಜೀರಿಗೆ, ಕೊತ್ತಂಬರಿ ಇವೆ.